ಉಸಿರಿನ ಅಂಕಣ

ಕೆಲವು ವರ್ಷಗಳ ಹಿಂದೆ ನನ್ನ ಸಹೋದ್ಯೋಗಿ ಮಿತ್ರರೊಬ್ಬರು, ಮೇಲುಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ಅಸಹನೀಯ ನೋವಿನಿಂದ ಆಸ್ಪತ್ರೆ ಸೇರಿದರು. ಮೇದೋಜ್ಜೀರಕ ಗ್ರಂಥಿಯ ಹಠಾತ್ ಉರಿಯೂತ, ವೈದ್ಯರ ಮಾತಿನಲ್ಲಿ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್. ಪಿತ್ತಕೋಶದ ಕಲ್ಲು ಕಾರಣವಾಗಿತ್ತು. ಮರುದಿನ ರಕ್ತದ ಅಮೈಲೇಸ್ ಅರ್ಧಕ್ಕಿಳಿದಿದೆಯೆಂಬ ವರದಿ ಬಂದಾಗ ಗಂಡಾಂತರ ಕಳೆಯಿತೆಂದು ಮನೆಯವರು ಸಮಾಧಾನಪಟ್ಟರು. ನಾನೂ ಪಟ್ಟೆ. ಅದೇ ಸಂಜೆ ಅವರು ನನ್ನನ್ನು ನೋಡಿ, "ಶಾಲೆಯ ಗಂಟೆ ಹೊಡೆಯಿತೇ?" ಎಂದು ಬಡಬಡಿಸತೊಡಗಿದರು. ಎದೆ ತಿದಿಯಂತೆ ಏರಿಳಿಯುತ್ತಿತ್ತು. ರಾತ್ರಿಯೇ ತೀವ್ರ ನಿಗಾ ಘಟಕಕ್ಕೆ ಒಯ್ಯಬೇಕಾಯಿತು.

ಅಮೈಲೇಸ್ ಈ ರೋಗ ಇದೆಯೆಂದು ತಿಳಿಸುತ್ತದೆಯೇ ಹೊರತು ಅದೆಷ್ಟು ಉಗ್ರವೆಂದು ತಿಳಿಸುವುದಿಲ್ಲ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಬಹುಪಾಲು ರೋಗಿಗಳು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಉಳಿದವರನ್ನು ಮೊದಲೇ ಗುರುತಿಸುವುದೇ ಕಷ್ಟ. 1974ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ರ‍್ಯಾನ್ಸನ್ ಮತ್ತು ಸಂಗಡಿಗರು 11 ಮಾನದಂಡಗಳನ್ನು ಮುಂದಿಟ್ಟರು. ಅವೆಲ್ಲ ಸಿಗಲು 48 ಗಂಟೆ ಬೇಕು. 2008ರಲ್ಲಿ ಬಂದ 'ಬೈಸ್ಯಾಪ್' ಐದನ್ನೇ ನೋಡುತ್ತದೆ: ರಕ್ತದ ಯೂರಿಯಾ ಏರಿಕೆ, ಮಂಕಾದ ಪ್ರಜ್ಞೆ, 60 ದಾಟಿದ ವಯಸ್ಸು, ಶ್ವಾಸಕೋಶದ ಸುತ್ತ ತುಂಬಿದ ನೀರು, ಮತ್ತು ಇಡೀ ದೇಹದ ಉರಿಯೂತ ಪ್ರತಿಕ್ರಿಯೆ. ಈ ಕೊನೆಯದಕ್ಕೆ ನಾಲ್ಕು ಲಕ್ಷಣಗಳಲ್ಲಿ ಎರಡು ಕಂಡರೆ ಸಾಕು. ಅವುಗಳಲ್ಲಿ ಬಿಳಿರಕ್ತಕಣಗಳ ಎಣಿಕೆಗೆ ಮಾತ್ರ ಪ್ರಯೋಗಾಲಯ ಬೇಕು. ನಿಮಿಷಕ್ಕೆ 90 ಮೀರಿದ ನಾಡಿ, 20 ಮೀರಿದ ಉಸಿರು, 38 ಡಿಗ್ರಿ ಸೆಲ್ಸಿಯಸ್ ದಾಟಿದ ಅಥವಾ 36ಕ್ಕಿಂತ ಇಳಿದ ಮೈಶಾಖ, ಈ ಮೂರಕ್ಕೆ ಒಂದು ಗಡಿಯಾರ ಮತ್ತು ಒಂದು ಥರ್ಮಾಮೀಟರ್ ಸಾಕು! ಈ ಸ್ಥಿತಿ 48 ಗಂಟೆ ಕಳೆದರೂ ಇಳಿಯದಿದ್ದರೆ ಅಪಾಯದ ಸೂಚನೆ. ಹೊಕ್ಕುಳ ಸುತ್ತಲೋ ಪಕ್ಕೆಯಲ್ಲೋ ಚರ್ಮ ನೀಲಿಗಟ್ಟುವ ಚಿಹ್ನೆಗಳು ಪುಸ್ತಕಗಳಲ್ಲಿ ಪ್ರಸಿದ್ಧ. ಆದರೆ ಅವು ಅಪರೂಪ, ಕಾಣಿಸಿಕೊಳ್ಳುವುದೂ ತಡವಾಗಿ.

ಈ ಅಂಕಗಳೇನೂ ಬ್ರಹ್ಮಲಿಪಿಯಲ್ಲ. ಯಾರಿಗೆ ಅಪಾಯವಿಲ್ಲವೆಂದು ಹೇಳುವಷ್ಟು ಚೆನ್ನಾಗಿ ಯಾರಿಗಿದೆಯೆಂದು ಅವು ಹೇಳಲಾರವು. ಆದ್ದರಿಂದಲೇ ಒಮ್ಮೆ ನೋಡಿ ಬಿಡದೆ, ಮೊದಲ ಎರಡು ದಿನ ಮತ್ತೆ ಮತ್ತೆ ನೋಡಬೇಕೆನ್ನುವುದು. (ದಶಕಗಳ ಕಾಲ ಒಂದೇ ಪರೀಕ್ಷೆಯ ಅಂಕದಿಂದ ಹುಡುಗರನ್ನು ಅಳೆದ ನಾನು ಇದನ್ನು ಬರೆಯುತ್ತಿರುವುದು ತಮಾಷೆಯೇ ಸರಿ.)

ಮಿತ್ರರ ಹಾಸಿಗೆಯ ಬಳಿ ತೂಗುಹಾಕಿದ್ದ ಹಾಳೆಯಲ್ಲಿ ನಾಡಿ ಇತ್ತು, ಜ್ವರ ಇತ್ತು. ಉಸಿರಿನ ಅಂಕಣ ಖಾಲಿಯಿತ್ತು. ಅಲ್ಲಿನ ದಾದಿಯರನ್ನು ದೂರಲು ನನಗೆ ಮನಸ್ಸಿಲ್ಲ. ಇಡೀ ವಾರ್ಡಿಗೆ ಇಬ್ಬರಿದ್ದರು. ಉಸಿರೆಣಿಸಲು ಪ್ರತಿ ರೋಗಿಯ ಬಳಿ ಪೂರ್ತಿ ಒಂದು ನಿಮಿಷ ನಿಲ್ಲಬೇಕು. ಸ್ಕ್ಯಾನಿಂಗ್ ಯಂತ್ರ ಬಂದಾಗ ರಿಬ್ಬನ್ ಕತ್ತರಿಸಲು ಜನ ಸೇರುತ್ತಾರೆ. ಮೂರನೆಯ ದಾದಿಯ ನೇಮಕಕ್ಕೆ ಯಾರೂ ಸೇರುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮೊದಲು ಬೇಕಾದುದು ಆ ಮೂರನೆಯ ದಾದಿ ಎಂದೇ ನನ್ನ ಅಭಿಪ್ರಾಯ. ಅಲ್ಲಿಯವರೆಗೆ, ರೋಗಿಯ ಬಳಿ ಕೂರುವ ನಾವು "ಅಮೈಲೇಸ್ ಎಷ್ಟು?" ಎಂದಷ್ಟೇ ವಿಚಾರಿಸದೆ, ಉಸಿರೆಷ್ಟು, ಮೂತ್ರ ಎಷ್ಟು ಹೋಗಿದೆ, ಮಾತು ಸ್ಪಷ್ಟವಾಗಿದೆಯೇ ಎಂದೂ ಕೇಳಬಹುದು, ವ್ಯತ್ಯಾಸ ಕಂಡೊಡನೆ ಕರೆಯಬಹುದು.

ಮಿತ್ರರು ಮೂರು ವಾರಗಳ ನಂತರ ಮನೆಗೆ ಮರಳಿದರು. ಮುಂದೆ ಪಿತ್ತಕೋಶವನ್ನೂ ತೆಗೆಸಿಕೊಂಡರು. ಶಾಲೆಯ ಗಂಟೆಯ ವಿಚಾರ ಕೇಳಿದ್ದು ಅವರಿಗೆ ನೆನಪೇ ಇಲ್ಲ.