‘ಅದಿಲ್ಲದೆಯೂ ಓಡುತ್ತದೆ’ ಎಂಬ ವಾದದ ವಿರುದ್ಧ

ಹಳೆಯ ಮೋಟಾರು ಬೈಕುಗಳನ್ನು ದುರಸ್ತಿ ಮಾಡುವ ಗ್ಯಾರೇಜುಗಳಲ್ಲಿ, ಅದು ಪುಣೆಯಿರಲಿ ದೆಹಲಿಯಿರಲಿ, ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಅದಿಲ್ಲದೆಯೂ ಓಡುತ್ತದೆ.’ ಎಂಜಿನ್ ಬಿಚ್ಚಿ, ತೊಳೆದು, ಮರಳಿ ಜೋಡಿಸಿಯಾಗಿದೆ. ತಟ್ಟೆಯಲ್ಲಿ ಒಂದು ಲೋಹದ ತುಂಡು ಮಾತ್ರ ಉಳಿದಿದೆ. ಅದು ಯಾವ ಭಾಗ, ಎಲ್ಲಿಯದು, ಏನು ಮಾಡುತ್ತಿತ್ತು ಎಂದು ಕೇಳಿದರೆ ದೊರೆಯುವ ಉತ್ತರ ಅದೇ. ಮಾಲೀಕರೂ ತಲೆಯಾಡಿಸುತ್ತಾರೆ. ಟ್ಯಾಂಕಿನ ಬಣ್ಣ, ಕ್ರೋಮಿನ ಹೊಳಪು ಮೊದಲಿನಂತಿದ್ದರೆ ಅವರಿಗೆ ಬೈಕು ‘ಒರಿಜಿನಲ್’. ಈ ತೃಪ್ತಿಯ ವಿರುದ್ಧವೇ ನನ್ನ ತಕರಾರು.

ನಮ್ಮದೇ ನೆಲದ ಉದಾಹರಣೆಯಿಂದ ಆರಂಭಿಸೋಣ. ರುಸ್ತುಂ ಇರಾನಿಯವರು ಕಟ್ಟಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಟೂ-ಸ್ಟ್ರೋಕ್ ಬೈಕುಗಳನ್ನು ತಯಾರಿಸಿತು. ಜೆಕೊಸ್ಲೊವಾಕಿಯಾದ ವಿನ್ಯಾಸ, ಮೈಸೂರಿನ ಕೈಗಳು. ಕಿಕ್ ಹೊಡೆಯುವ ಪೆಡಲೇ ಮಡಚಿದಾಗ ಗೇರ್ ಪೆಡಲಾಗುವ ಚಮತ್ಕಾರ ಎಲ್ಲರಿಗೂ ನೆನಪಿದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಏರ್ಪಾಡು ಎಂಜಿನ್ನಿನೊಳಗಿತ್ತು. ಹಳೆಯ ಜಾವಾದಲ್ಲಿ ಗೇರ್ ಪೆಡಲನ್ನು ಒತ್ತಿದೊಡನೆ ಅದರ ಚಲನೆ ಒಂದು ಪುಟ್ಟ ಕ್ಯಾಮಿನ ಮೂಲಕ ಕ್ಲಚ್ಚಿಗೂ ತಲುಪಿ, ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಓಡುವ ಬೈಕಿನ ಗೇರ್ ಬದಲಿಸಲು ಎಡಗೈ ಕ್ಲಚ್ ಹಿಡಿಕೆಯನ್ನು ಒತ್ತಲೇಬೇಕಾಗಿರಲಿಲ್ಲ. ನಡುದಾರಿಯಲ್ಲಿ ಕ್ಲಚ್ ಕೇಬಲ್ ತುಂಡಾದರೂ ಸವಾರ ಮನೆ ಸೇರಬಹುದಿತ್ತು.

ಅನೇಕ ಎಂಜಿನ್ನುಗಳಲ್ಲಿ ಇಂದು ಆ ತುಂಡು ಇಲ್ಲ. ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ ಜಾರುತ್ತದೆ, ಇಲ್ಲವೇ ಪೂರ್ತಿ ಬಿಡುವುದಿಲ್ಲ. ಸರಿಪಡಿಸುವುದಕ್ಕಿಂತ ಕಿತ್ತೆಸೆಯುವುದು ಸುಲಭ. ಕಿತ್ತಮೇಲೆ ಬೈಕು ಓಡಿತು; ವಾದ ಗೆದ್ದಿತು! ಮುಂದಿನ ತಲೆಮಾರಿನ ಮೆಕ್ಯಾನಿಕ್ ಆ ತುಂಡನ್ನು ಬೇರೊಂದು ಎಂಜಿನ್ನಿನಲ್ಲಿ ಕಂಡಾಗ ಅದು ಅವನಿಗೆ ‘ನಿಗೂಢ ಭಾಗ’. ನಿಗೂಢತೆ ಆ ಲೋಹದ ಗುಣವಲ್ಲ, ನಾವು ತಯಾರಿಸಿದ್ದು.

‘ಓಡುತ್ತದೆ’ ಎಂಬುದು ಎಂತಹ ದುರ್ಬಲ ಪರೀಕ್ಷೆ ಎಂಬುದಕ್ಕೆ ಇನ್ನೂ ಸಣ್ಣ ಸಾಕ್ಷಿಯಿದೆ. ಟೂ-ಸ್ಟ್ರೋಕ್ ಪಿಸ್ಟನ್ನಿನ ರಿಂಗ್ ಕೂರುವ ಗಾಡಿಯಲ್ಲಿ ಅಕ್ಕಿಕಾಳಿಗಿಂತಲೂ ಚಿಕ್ಕ ಪಿನ್ನೊಂದು ಇರುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ನಿಗೆ ಒಗ್ಗಿದ ಕಣ್ಣಿಗೆ ಅದು ಅರ್ಥವಾಗದು. ಅಲ್ಲಿ ರಿಂಗುಗಳು ಸ್ವತಂತ್ರವಾಗಿ ತಿರುಗುತ್ತವೆ. ಟೂ-ಸ್ಟ್ರೋಕಿನ ಸಿಲಿಂಡರಿನ ಗೋಡೆಯಲ್ಲಾದರೋ ಕಿಂಡಿಗಳಿವೆ. ರಿಂಗಿನ ತುದಿ ಕಿಂಡಿಯ ಎದುರಿಗೆ ಬಂದರೆ ಹೊರಕ್ಕೆ ಚಿಮ್ಮಿ, ಸಿಕ್ಕಿ, ಮುರಿಯುತ್ತದೆ. ಪಿಸ್ಟನ್, ಸಿಲಿಂಡರ್ ಎರಡನ್ನೂ ಗೀರುತ್ತದೆ. ಹಾಗಾಗದಂತೆ ರಿಂಗನ್ನು ಒಂದೇ ನೆಲೆಯಲ್ಲಿ ಹಿಡಿದಿಡುವುದು ಆ ಪಿನ್. ಅದಿಲ್ಲದೆಯೂ ಎಂಜಿನ್ ಓಡುತ್ತದೆ, ನಿಜ. ಎಷ್ಟು ದೂರ ಎಂಬುದಷ್ಟೇ ಪ್ರಶ್ನೆ.

ಸೈಲೆನ್ಸರಿನದೂ ಇದೇ ಕಥೆ. ಸದ್ದು ಗಡಸಾಗಲೆಂದು ಅದರ ಒಳಕೊಳವೆಯನ್ನು ತೆಗೆಸುವ ಶೋಕಿ ನಮ್ಮಲ್ಲಿ ಹಳೆಯದು. ಟೂ-ಸ್ಟ್ರೋಕಿನಲ್ಲಿ ಹೊಗೆ ಹೋಗುವ ಕಿಂಡಿ, ಹೊಸ ಮಿಶ್ರಣ ಬರುವ ಕಿಂಡಿಗಿಂತ ತಡವಾಗಿ ಮುಚ್ಚುತ್ತದೆ; ಆದ್ದರಿಂದ ಸುಡದ ಪೆಟ್ರೋಲಿನ ಒಂದಂಶ ಹೊಗೆಯ ಬೆನ್ನು ಹತ್ತಿ ಹೊರಟುಬಿಡುತ್ತದೆ. ಕೊಳವೆಯ ಆಕಾರ ಸರಿಯಾಗಿದ್ದರೆ ಒತ್ತಡದ ಅಲೆಯೊಂದು ಮರಳಿ ಬಂದು ಅದನ್ನು ಒಳಕ್ಕೆ ನೂಕುತ್ತದೆ. ಪೂರ್ವ ಜರ್ಮನಿಯ ಎಂಜಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ರೇಸ್ ಎಂಜಿನ್ನುಗಳಿಗಾಗಿ ಈ ವಿದ್ಯೆಯನ್ನು ಪಳಗಿಸಿದ. ಅವನ ತಂಡದ ಸವಾರ ಅರ್ನ್‌ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ಪಂದ್ಯದ ವೇಳೆ ಪಶ್ಚಿಮಕ್ಕೆ ಪಲಾಯನ ಮಾಡಿ, ಆ ಅರಿವನ್ನು ಸುಜುಕಿಗೆ ಒಪ್ಪಿಸಿದ. ಮರುವರ್ಷವೇ ಸುಜುಕಿಯ ಮೇಲೆ 50 ಸಿಸಿ ವಿಭಾಗದ ವಿಶ್ವಚಾಂಪಿಯನ್ ಆದ. ಖಾಲಿ ತಗಡಿನ ಡಬ್ಬದಂತೆ ಕಾಣುವ ವಸ್ತುವಿನ ಆಕಾರ ಗಡಿ ದಾಟಿಸುವಷ್ಟು ಬೆಲೆಯುಳ್ಳ ರಹಸ್ಯವಾಗಿತ್ತು. ನಮ್ಮ ಬೈಕುಗಳ ಸೈಲೆನ್ಸರಿಗೆ ಆ ಮಟ್ಟದ ಪಟುತ್ವವಿಲ್ಲದಿರಬಹುದು. ಅದರ ಒಳಭಾಗ ಅಲಂಕಾರಕ್ಕಂತೂ ಅಲ್ಲ.

ಸಾಹಿತ್ಯದ ಬಳಗಕ್ಕೆ ಕೀಲೆಣ್ಣೆಯ ಗೊಡವೆ ಏಕೆಂದು ಕೇಳುವವರಿಗೆ ಮೈಸೂರಿನದೇ ಇನ್ನೊಂದು ಪರಂಪರೆಯನ್ನು ನೆನಪಿಸುತ್ತೇನೆ. ‘ಕನ್ನಡ ಗ್ರಂಥಸಂಪಾದನೆ’ಯ ಕರ್ತೃ ಡಿ.ಎಲ್. ನರಸಿಂಹಾಚಾರ್ಯರು ಪಾಠ ಹೇಳಿದ ಊರು ಅದು. ಓಲೆಗರಿಯಲ್ಲಿ ಅರ್ಥವಾಗದ ಪದ ಎದುರಾದರೆ ಅದನ್ನು ಕಿತ್ತು ಸುಲಭವಾದ ಪದ ಕೂರಿಸುವವನು ಸಂಪಾದಕನಲ್ಲ. ಕ್ಲಿಷ್ಟವಾದ ಪಾಠವೇ ಮೂಲದ್ದಾಗಿರುವ ಸಂಭವ ಹೆಚ್ಚು ಎಂಬುದು ಆ ಶಾಸ್ತ್ರದ ಮೊದಲ ಎಚ್ಚರಗಳಲ್ಲೊಂದು. ಪದವನ್ನು ಬಿಟ್ಟರೂ ಪದ್ಯ ‘ಓಡಬಹುದು’. ಹಾಗೆಂದು ಬಿಡುತ್ತೇವೆಯೇ?

ಎಂಜಿನ್ನಿಗೂ ಅಂಥದೇ ಓದು ಬೇಕು. ಆಕಾರವೊಂದನ್ನೇ ನೋಡಿ, ಫೋಟೊ ಕಳಿಸಿ ಹೆಸರು ಕೇಳುವುದು ಓದಲ್ಲ. ತುಂಡಿನ ಯಾವ ಅಂಚು ಸವೆದಿದೆ? ಸವೆತ ಒಂದೇ ದಿಕ್ಕಿನದೋ, ಹಿಂದೆ ಮುಂದೆ ಉಜ್ಜಿದ್ದೋ? ಶಾಖಕ್ಕೆ ನೀಲಿಗಟ್ಟಿದೆಯೋ, ಎಣ್ಣೆಯಲ್ಲಿ ನೆನೆದು ಹೊಳೆಯುತ್ತಿದೆಯೋ? ಅಚ್ಚಿನ ಸಂಖ್ಯೆ ಉಳಿದಿದೆಯೇ? ಅದಕ್ಕೆ ಜೋಡಿಯಾದ ಸವೆತ ಎಂಜಿನ್ನಿನ ಯಾವ ಮೂಲೆಯಲ್ಲಿದೆ? ಎರಡು ಸವೆತಗಳು ಕೂಡಿದಲ್ಲಿ ಭಾಗದ ನೆಲೆ ತಿಳಿಯುತ್ತದೆ. ನೆಲೆ ತಿಳಿದರೆ ಕೆಲಸ ತಿಳಿಯುತ್ತದೆ. ಹೆಸರು ಕೊನೆಗೆ ಬಂದರೂ ಸಾಕು.

ಮೆಕ್ಯಾನಿಕನಿಗೆ ಹೊಟ್ಟೆಪಾಡಿದೆ, ಇಷ್ಟು ಪುರಸೊತ್ತು ಎಲ್ಲಿಯದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಹಾಗಾಗಿ ನನ್ನ ಆರೋಪ ಮುಖ್ಯವಾಗಿ ಮಾಲೀಕರ ಮೇಲೆ. ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಒಂದು ದಿನದ ಹುಡುಕಾಟಕ್ಕೆ ಕೂಲಿ ಕೊಡಲು ಹಿಂಜರಿಯುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಹಳೆಯ ಕಡತವನ್ನು ನಾಶಪಡಿಸುವ ಮೊದಲೂ ಅದು ಏನೆಂದು ದಾಖಲಿಸುವ ಕಟ್ಟಳೆಯಿದೆ. ಪರಂಪರೆಯ ಹೆಸರು ಹೇಳುವ ಸಂಗ್ರಾಹಕರಲ್ಲಿ ಆ ಶಿಸ್ತೂ ಇಲ್ಲ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು, ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ವಾಹನಕ್ಕೆ ‘ವಿಂಟೇಜ್’ ಮಾನ್ಯತೆ ನೀಡುತ್ತವೆ. ಎಂಜಿನ್ನಿನ ಗಣನೀಯ ಮಾರ್ಪಾಟನ್ನು ಒಪ್ಪುವುದಿಲ್ಲ. ಮೈಸೂರಿನ ಮೊದಲ ಜಾವಾಗಳು ಈಗ ಆ ವಯಸ್ಸನ್ನು ದಾಟಿವೆ. ಮುಚ್ಚಳದೊಳಗೆ ಏನಿರಬೇಕಿತ್ತು ಎಂಬುದೇ ಮರೆತುಹೋದರೆ ‘ಮೂಲರೂಪ’ ಎಂಬ ಪದಕ್ಕೆ ಉಳಿಯುವ ಅರ್ಥ ಬಣ್ಣವೊಂದೇ.

ಹೊರನಾಡಿನ ಕನ್ನಡಿಗರಾದ ನಮಗೆ ಇಲ್ಲೊಂದು ಕೆಲಸವಿದೆ. ಆ ಎಂಜಿನ್ನುಗಳನ್ನು ಜೋಡಿಸಿದ ಕಾರ್ಮಿಕರು ಮೈಸೂರಿನಲ್ಲಿ ಮುಪ್ಪಾಗುತ್ತಿದ್ದಾರೆ. ಅವರ ಅರಿವು ಬಹುಪಾಲು ಕನ್ನಡದಲ್ಲಿದೆ. ಅವರು ಜೋಡಿಸಿದ ಬೈಕುಗಳು ಮರಾಠಿ, ಹಿಂದಿ, ತಮಿಳು ಮಾತನಾಡುವ ಗ್ಯಾರೇಜುಗಳಲ್ಲಿವೆ. ನಡುವಿನ ದುಭಾಷಿಗಳಾಗಬಲ್ಲವರು ನಾವು. ರಜೆಗೆ ಊರಿಗೆ ಹೋದಾಗ ಅಂಥ ಹಿರಿಯರೊಬ್ಬರ ಮುಂದೆ ಕೂತು, ತುಂಡನ್ನು ಅವರ ಕೈಗಿತ್ತು, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಅಲ್ಲಿಯವರೆಗೆ ಅರ್ಥವಾಗದ ಭಾಗವನ್ನು ಎಸೆಯಕೂಡದು. ಒಂದು ಡಬ್ಬಿಯಲ್ಲಿಟ್ಟು, ಯಾವ ಎಂಜಿನ್ನಿನದು, ಎಲ್ಲಿ ಸಿಕ್ಕಿತು, ಎಂದು ತೆಗೆದದ್ದು ಎಂದು ಚೀಟಿ ಅಂಟಿಸಬೇಕು. ಇದಕ್ಕೆ ಹಣ ಬೇಡ, ಪಾಂಡಿತ್ಯವೂ ಬೇಡ. ನಮಗೆ ತಿಳಿಯದ್ದನ್ನು ಮಾಡಿಟ್ಟವನಿಗೆ ತಿಳಿದಿತ್ತು ಎಂಬ ವಿನಯವಿದ್ದರೆ ಸಾಕು.