ನೀರಿನ ವರದಿಯೊಂದೇ ಸಾಲದು



ಸೇವೆಯಲ್ಲಿದ್ದಾಗ ನಾನು ಕೆರೆನೀರಿನ ವರದಿಗಳಿಗೆ 'ರಾಸಾಯನಿಕ ಮಿತಿಯೊಳಗಿದೆ' ಎಂದು ಸಹಿ ಹಾಕಿದ್ದೇನೆ. ಅದು ಅರ್ಧಸತ್ಯವೆಂದು ಈಗ ಒಪ್ಪಿಕೊಳ್ಳುತ್ತೇನೆ.

ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಸರೋವರಕ್ಕೆ 1949, 1954 ಮತ್ತು 1957ರಲ್ಲಿ ನುಸಿ ಕೊಲ್ಲಲು ಡಿಡಿಟಿಯ ದಾಯಾದಿ ಡಿಡಿಡಿಯನ್ನು ಸುರಿದರು. ನೀರಿನಲ್ಲಿದ್ದದ್ದು ಹತ್ತು ಲಕ್ಷಕ್ಕೆ 0.02 ಪಾಲು. ಸೂಕ್ಷ್ಮಜೀವಿಗಳಿಂದ ಮೀನಿಗೆ, ಮೀನಿನಿಂದ ನಮ್ಮ ಗುಳುಮುಳುಕದ ಬಳಗದ ಗ್ರೀಬ್ ಹಕ್ಕಿಗೆ ಏರುವಷ್ಟರಲ್ಲಿ ಕೊಬ್ಬಿನಲ್ಲಿ 1,600 ಪಾಲು. ಎಂಬತ್ತು ಸಾವಿರ ಪಟ್ಟು! ಹಕ್ಕಿಗಳು ರಾಶಿ ರಾಶಿಯಾಗಿ ಸತ್ತವು.

ಬೇಗ ಕೊಳೆಯದ, ಕೊಬ್ಬಿನಲ್ಲಿ ಕೂಡಿಕೊಳ್ಳುವ ಯಾವ ರಾಸಾಯನಿಕಕ್ಕೂ ಲೆಕ್ಕ ಇದೇ. ಆದ್ದರಿಂದ ಕೆಸರು, ಮೀನು, ಹಕ್ಕಿಯ ಮೊಟ್ಟೆ ಎಲ್ಲವನ್ನೂ ಪರೀಕ್ಷಿಸಬೇಕು.

'ಹಕ್ಕಿಗಾಗಿ ಕಾರ್ಖಾನೆ ನಿಲ್ಲಿಸಬೇಕೇ?' ಎನ್ನುವವರಿಗೆ ನನ್ನ ಉತ್ತರ: ಅದೇ ಮೀನು ಊರಿನ ಮಕ್ಕಳ ತಟ್ಟೆಗೂ ಬರುತ್ತದೆ. ಜೀವಗಳಿಗೆ ವಿಷವುಣಿಸಿ ಗಳಿಸಿದ್ದು ಕಾಯಕವಲ್ಲ. ಕಾಯಕವಲ್ಲದ ಹಣದಿಂದ ದಾಸೋಹವೂ ಸಲ್ಲದು. ಅಂಥ ಕಾರ್ಖಾನೆಯವರು ಕಾಣಿಕೆ ತಂದಾಗ ನಮ್ಮ ಮಠಗಳು ಮೊದಲು ಕೇಳಬೇಕು: ಮೊಟ್ಟೆಯ ವರದಿ ಎಲ್ಲಿ?