ಸುಣ್ಣ ಕಲಿಸಿದ ಪಾಠ

ರಸಾಯನಶಾಸ್ತ್ರವೆಂದರೆ ಬಾಯಿಪಾಠವೆಂದೇ ವಿದ್ಯಾರ್ಥಿಯಾಗಿದ್ದಾಗ ನಾನು ನಂಬಿದ್ದೆ. ಸೋಡಿಯಮ್ಮಿಗೆ ‘ಎನ್‌ಎ’, ಕಬ್ಬಿಣಕ್ಕೆ ‘ಎಫ್‌ಇ’ ಎಂದು ಮಗ್ಗಿಯಂತೆ ಉರುಹೊಡೆದೆ. ಅವು ನೇಟ್ರಿಯಂ, ಫೆರಮ್ ಎಂಬ ಲ್ಯಾಟಿನ್ ಹೆಸರುಗಳ ಮೊದಲ ಅಕ್ಷರಗಳೆಂದು ಯಾರೂ ಹೇಳಲಿಲ್ಲ. ಹೇಳಿದ್ದರೆ, ಭಾಷೆಯಲ್ಲಿ ಒಲವಿದ್ದ ನನಗೆ ಆ ವಿಷಯ ಅಷ್ಟು ಪರಕೀಯವೆನಿಸುತ್ತಿರಲಿಲ್ಲ.

ಒಮ್ಮೆ ಹಬ್ಬದ ಮುನ್ನ, ಗೋಡೆಗೆ ಬಳಿಯಲು ತಂದ ಸುಟ್ಟ ಸುಣ್ಣದ ಮೇಲೆ ಹಿರಿಯರು ನೀರು ಸುರಿದರು. ಅದು ಭುಸುಗುಟ್ಟಿತು, ಒಲೆಯಿಲ್ಲದೆಯೇ ನೀರು ಕುದಿಯಿತು. (ಮಕ್ಕಳು ಹತ್ತಿರ ಹೋಗಬಾರದು, ಸಿಡಿದರೆ ಕಣ್ಣಿಗೆ ಅಪಾಯ.) ಕ್ಯಾಲ್ಸಿಯಂ ಆಕ್ಸೈಡು ನೀರಿನೊಡನೆ ಕೂಡಿದಾಗ ಶಾಖವು ಹೊರಬರುತ್ತದೆಂಬ ಪುಸ್ತಕದ ಸಾಲು ಅಂದು ನನಗೆ ಅರ್ಥವಾಯಿತು. ಗೋಡೆಗೆ ಬಳಿದ ಸುಣ್ಣವಾದರೋ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗೂಡಿನಲ್ಲಿ ಬೆಂದ ಸುಣ್ಣದ ಕಲ್ಲು ಗೋಡೆಯ ಮೇಲೆ ಪುನಃ ಕಲ್ಲಾಗುವುದೆಂದರೆ ಸೋಜಿಗವಲ್ಲವೆ?

ಸಮೀಕರಣವನ್ನು ಸರಿದೂಗಿಸುವುದೂ ಬರಿಯ ಅಂಕಿಗಳ ಆಟವಲ್ಲ. 56 ಗ್ರಾಂ ಸುಟ್ಟ ಸುಣ್ಣಕ್ಕೆ 18 ಗ್ರಾಂ ನೀರು ಕೂಡಿದರೆ 74 ಗ್ರಾಂ ಅರಳಿದ ಸುಣ್ಣ. ರಾಶಿಯಲ್ಲಿ ಏನೂ ನಷ್ಟವಾಗದು. ಫ್ರಾನ್ಸಿನ ಲೆವಾಸಿಯೆ 1789ರ ತನ್ನ ಗ್ರಂಥದಲ್ಲಿ ಸಾರಿದ ತತ್ತ್ವವೂ ಇದೇ.

ಸಂಕೇತಗಳನ್ನು ಕಲಿಯಬೇಡಿರೆಂದು ನಾನು ಹೇಳುತ್ತಿಲ್ಲ. ಅಕ್ಷರ ಕಲಿಯದೆ ಯಾರು ತಾನೆ ಕಾವ್ಯ ಓದಿಯಾರು? ಆದರೆ ಪದಾರ್ಥವನ್ನು ಕಾಣುವ ಮೊದಲೇ ಸೂತ್ರವನ್ನು ಒಪ್ಪಿಸುವ ಕ್ರಮ ತಪ್ಪೆಂಬುದೇ ನನ್ನ ಅಭಿಪ್ರಾಯ. ಅರಿಶಿನದ ನೀರಿಗೆ ಸುಣ್ಣ ಸೋಕಿದೊಡನೆ ಆರತಿಯ ತಟ್ಟೆ ಕೆಂಪಾಗುವುದನ್ನು ನಾನು ಬಾಲ್ಯದಿಂದಲೂ ನೋಡಿದ್ದೆ. ಏಕೆಂದು ತರಗತಿಯಲ್ಲಿ ಒಮ್ಮೆಯೂ ಕೇಳಲಿಲ್ಲ.